ಕಂಬದಿಂದ ಇಳಿಯುವ ವಿದ್ಯೆ

ಮಲ್ಲಕಂಬದ ಪ್ರದರ್ಶನ ನಡೆಯುವಲ್ಲಿ ನೆರೆದವರ ಕಣ್ಣೆಲ್ಲ ಕಂಬದ ತುದಿಯ ಮೇಲಿರುತ್ತದೆ. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಓಡಿ ಬಂದು ಕಂಬವನ್ನು ಅಪ್ಪುತ್ತಾನೆ; ಕಣ್ಣು ಮಿಟುಕಿಸುವಷ್ಟರಲ್ಲಿ ತಲೆಕೆಳಗಾಗುತ್ತಾನೆ; ಮರುಕ್ಷಣವೇ ತುದಿಯ ಗುಂಡಿನ ಮೇಲೆ ಒಂಟಿ ಕಾಲಿನಲ್ಲಿ ನಿಂತು ಕೈ ಜೋಡಿಸುತ್ತಾನೆ. ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಮುಗಿಯುವುದರೊಳಗೆ ಅವನು ನೆಲದ ಮೇಲಿರುತ್ತಾನೆ. ಅವನು ಹೇಗೆ ಇಳಿದನೆಂಬುದನ್ನು ಗಮನವಿಟ್ಟು ನೋಡಿದವರು ಬಹುಶಃ ಇಬ್ಬರೇ: ಅಂಕ ಹಾಕುವ ತೀರ್ಪುಗಾರ, ಮತ್ತು ಮೂಲೆಯಲ್ಲಿ ಉಸಿರು ಬಿಗಿಹಿಡಿದು ನಿಂತ ಗುರು. ಹುಡುಗನಿಗೆ ವಿದ್ಯೆ ಎಷ್ಟು ಹತ್ತಿದೆ ಎಂಬುದು ಆ ಇಬ್ಬರಿಗೂ ತಿಳಿಯುವುದು ಅವನು ಏರಿದ ರೀತಿಯಿಂದಲ್ಲ, ಇಳಿದ ರೀತಿಯಿಂದ.

ಕಂಬದ ಕಸರತ್ತು ಈಚೆಗೆ ನಗರಗಳ ಮಧ್ಯಮ ವರ್ಗದ ಮನೆಗಳಿಗೂ ಪ್ರಿಯವಾಗಿದೆ. ಪಟ್ಟಣಗಳಲ್ಲಿ ಮಕ್ಕಳನ್ನು ಸಂಜೆಯ ಹೊತ್ತು ಮಲ್ಲಕಂಬದ ತರಗತಿಗೆ ಕಳುಹಿಸುವ ತಾಯಿತಂದೆಗಳು ಇದ್ದಾರೆ. ಮುಂಬಯಿ, ಬೆಂಗಳೂರಿನಂಥ ನಗರಗಳಲ್ಲಿ ಪಶ್ಚಿಮದಿಂದ ಬಂದ ಉಕ್ಕಿನ ಕಂಬದ ನೃತ್ಯವನ್ನು ವ್ಯಾಯಾಮವೆಂದು ಕಲಿಯುವ ವಯಸ್ಕ ಸ್ತ್ರೀಯರೂ ಇದ್ದಾರೆ. ಎರಡು ಕಡೆಯಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: ಸೇರಿ ಆರು ತಿಂಗಳಾಯಿತು, ಆದರೂ ಮುಂದುವರಿದಂತೆ ಕಾಣುವುದಿಲ್ಲವಲ್ಲ, ಏಕೆ? ಉತ್ತರವನ್ನು ಹೆಚ್ಚಿನವರು ತೋಳಿನ ಬಲದಲ್ಲಿ ಹುಡುಕುತ್ತಾರೆ. ಅದು ಇರುವುದು ಬೇರೆಡೆಯಲ್ಲಿ.

ಈ ಕಂಬ ಹುಟ್ಟಿದ್ದು ಪ್ರದರ್ಶನಕ್ಕಾಗಿ ಅಲ್ಲವೆಂಬುದನ್ನು ಮೊದಲು ನೆನೆಯಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದವನ್ನು ಕುರಿತ ಭಾಗವೊಂದಿದೆ. ಜಟ್ಟಿಗಳು ದಿನವೂ ಮಾಡಬೇಕಾದ ಶ್ರಮಗಳನ್ನು ಅಲ್ಲಿ ಹೇಳಿದೆ: ಭಾರವೆತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳಿನ ಶ್ರಮ, ಇವುಗಳ ಜೊತೆಗೆ ಕಂಬದ ಮೇಲಿನ ಸ್ತಂಭಶ್ರಮ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ದೊರೆಯ ರಾಜಧಾನಿಯಾಗಿತ್ತು. ಮಲ್ಲಕಂಬವನ್ನು ಕೇವಲ ಮರಾಠೀ ನಾಡಿನ ಸೊತ್ತೆಂದು ಭಾವಿಸುವವರು ಇದನ್ನು ತಿಳಿದರೆ ಚೆನ್ನು. ಹಾಗೆಂದು ಮರಾಠರ ಹಕ್ಕನ್ನು ಅಲ್ಲಗಳೆಯುವಂತೆಯೂ ಇಲ್ಲ. ನಡುವೆ ಮರೆತುಹೋಗಿದ್ದ ಈ ಕಲೆಗೆ ಮತ್ತೆ ಜೀವ ಕೊಟ್ಟವನು ಎರಡನೆಯ ಬಾಜೀರಾಯ ಪೇಶ್ವೆಯ ಆಸ್ಥಾನದ ವ್ಯಾಯಾಮಗುರು ಬಾಳಂಭಟ್ಟದಾದಾ ದೇವಧರ. ಹೈದರಾಬಾದಿನ ಕಡೆಯಿಂದ ಬಂದ ಇಬ್ಬರು ಜಟ್ಟಿಗಳ ಸವಾಲಿಗೆ ಪುಣೆಯಲ್ಲಿ ಯಾರೂ ಎದುರು ನಿಲ್ಲದಿದ್ದಾಗ ಈ ತರುಣ ಸಪ್ತಶೃಂಗಿಯ ಬೆಟ್ಟಕ್ಕೆ ಹೋಗಿ ತಪಸ್ಸು ಮಾಡಿದನೆಂದೂ, ಹನುಮಂತ ಕಂಬದ ಮೇಲೆ ಪಟ್ಟುಗಳನ್ನು ತೋರಿಸಿಕೊಟ್ಟನೆಂದೂ ಐತಿಹ್ಯ ಹೇಳುತ್ತದೆ. ಮರವೇರಿ ಇಳಿಯುವ ಕೋತಿಗಳನ್ನು ನೋಡಿ ಕಲಿತನೆಂದು ಹೇಳುವವರೂ ಉಂಟು. ಎರಡನೆಯದನ್ನು ನಂಬಿದರೂ ಹನುಮಂತನಿಗೆ ಅಪಚಾರವೇನೂ ಆಗಲಾರದು.

ಜಟ್ಟಿಗೆ ಕಂಬ ಎದುರಾಳಿಯ ಬದಲಿಗೆ ನಿಂತ ಮೂಕ ಪೈಲ್ವಾನ. ಆದುದರಿಂದಲೇ ಅದಕ್ಕೊಂದು ದೇಹವಿದೆ. ತೇಗ ಇಲ್ಲವೆ ಬೀಟೆಯ ಜಾತಿಯ ಗಟ್ಟಿ ಮರದಿಂದ ಕಡೆದ ಅದು ನೆಲದ ಮೇಲೆ ಎರಡೂವರೆ ಮೀಟರಿನ ಆಸುಪಾಸು ಎತ್ತರವಿರುತ್ತದೆ. ಬುಡದಲ್ಲಿ ಸುತ್ತಳತೆ ಸುಮಾರು 55 ಸೆಂಟಿಮೀಟರು. ಮೇಲೇರಿದಂತೆ ಸಣ್ಣಗಾಗುತ್ತ 35ಕ್ಕೆ ಇಳಿಯುತ್ತದೆ. ಅದರ ಮೇಲೆ ಕಿರಿದಾದ ಕತ್ತು, ಕತ್ತಿನ ಮೇಲೆ ದುಂಡನೆಯ ತಲೆ. ಹುಡುಗರು ಅದಕ್ಕೆ ಹರಳೆಣ್ಣೆ ಸವರುತ್ತಾರೆ. ಚರ್ಮ ಉಜ್ಜಿ ಸುಲಿಯದಿರಲೆಂದು ಹಾಕಿದ ಎಣ್ಣೆಯೇ ಹಿಡಿತವನ್ನು ಜಾರಿಸುವ ಶತ್ರುವೂ ಹೌದು. ಕುಸ್ತಿಯ ಕಣದಲ್ಲಿ ಬೆವೆತ ಎದುರಾಳಿಯೂ ಹೀಗೆಯೇ ಜಾರುವನಷ್ಟೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಉಕ್ಕಿನ ನೃತ್ಯಕಂಬದ ದಪ್ಪ ಸಾಮಾನ್ಯವಾಗಿ 45 ಮಿಲಿಮೀಟರು. ಅದರ ಸುತ್ತಳತೆ ಹದಿನಾಲ್ಕು ಸೆಂಟಿಮೀಟರಿನಷ್ಟು. ಅದನ್ನು ಮುಷ್ಟಿಯಲ್ಲಿ ಹಿಡಿಯಬಹುದು. ಮಲ್ಲಕಂಬವನ್ನು ಯಾರ ಮುಷ್ಟಿಯೂ ಸುತ್ತಲಾರದು. ಅದನ್ನು ತೋಳಿನಿಂದ ತಬ್ಬಬೇಕು, ತೊಡೆಗಳಿಂದ ಒತ್ತಬೇಕು, ಹಿಮ್ಮಡಿ ಮತ್ತು ಮೀನಖಂಡಗಳಿಂದ ಬಿಗಿಯಬೇಕು. ಬೆರಳಿನ ಬಲವನ್ನೇ ನಂಬಿ ಬಂದ ಹುಡುಗ ಮೊದಲ ದಿನವೇ ಸೋಲುತ್ತಾನೆ. ಗುರುಗಳು ಮೊದಲು ಕಲಿಸುವ ಪಾಠಕ್ಕೆ ಮರಾಠಿಯಲ್ಲಿ ‘ಅಢಿ’ ಎಂದು ಹೆಸರು. ಕಾಲುಗಳೆರಡನ್ನೂ ಕಂಬಕ್ಕೆ ಹೆಣೆದು ದೇಹದ ಭಾರವನ್ನೆಲ್ಲ ಅವಕ್ಕೇ ಒಪ್ಪಿಸುವ ಪಟ್ಟು ಅದು. ಅದು ಬಂದರೆ ಕೈಗಳಿಗೆ ಬಿಡುವು ಸಿಗುತ್ತದೆ. ಕೈಗಳಿಗೆ ಬಿಡುವು ಸಿಕ್ಕಲ್ಲಿ ಮುಂದಿನ ಪಟ್ಟಿಗೆ ಅವಕಾಶವಾಗುತ್ತದೆ. ಬಗಲಿನಲ್ಲಿ ಕಂಬವನ್ನು ಅವುಕಿ ಮಾಡುವ ಬಗಲಿ, ಬಳ್ಳಿಯಂತೆ ಸುತ್ತಿಕೊಂಡು ಮೇಲೇರುವ ವೇಲ, ತೋಳಿಗೂ ಕಂಬಕ್ಕೂ ನಡುವಣ ಸಂದಿನಲ್ಲಿ ಸೂಜಿಯ ಕಣ್ಣಿಗೆ ದಾರ ಹೊಕ್ಕಂತೆ ದೇಹವನ್ನೇ ತೂರಿಸುವ ಸುಯಿದೋರಾ, ಎಲ್ಲವೂ ಕೊನೆಗೆ ಈ ಹಿಡಿತದ ಮೇಲೆ ನಿಂತ ಕಟ್ಟಡಗಳೇ.

ಮುಂಬಯಿಯ ದಾದರಿನಲ್ಲಿರುವ ಶ್ರೀ ಸಮರ್ಥ ವ್ಯಾಯಾಮ ಮಂದಿರದ ಉದಯ ದೇಶಪಾಂಡೆಯವರು ದಶಕಗಳಿಂದ ಈ ವಿದ್ಯೆಯನ್ನು ಕಲಿಸಿದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅವರು ದೃಷ್ಟಿಯಿಲ್ಲದ ಮಕ್ಕಳಿಗೂ ಮಲ್ಲಕಂಬ ಕಲಿಸಿದ್ದಾರೆ. ಕೇಳಿದವರಿಗೆ ಮೊದಲು ಭಯವಾಗಬಹುದು. ಆದರೆ ಯೋಚಿಸಿದರೆ ಅದರಲ್ಲಿ ಅಸಂಗತವೇನೂ ಇಲ್ಲ. ತೊಡೆಯ ಚರ್ಮಕ್ಕೆ ಕಂಬ ಎಲ್ಲಿ ತಾಗಿದೆ, ಎಷ್ಟು ಒತ್ತಿದೆ, ಯಾವಾಗ ಜಾರಲಾರಂಭಿಸಿತು ಎಂಬುದನ್ನು ಹೇಳುವುದು ಕಣ್ಣಲ್ಲ. ಕಣ್ಣುಳ್ಳ ಮಕ್ಕಳಿಗೇ ಎಷ್ಟೋ ವೇಳೆ ಕಣ್ಣು ಅಡ್ಡಿ: ಕೆಳಗೆ ನೋಡುತ್ತಾರೆ, ಹೆದರುತ್ತಾರೆ, ಹೆದರಿ ಕೈ ಬಿಗಿಯುತ್ತಾರೆ, ಕೈ ಸೋತು ಬೀಳುತ್ತಾರೆ.

ಇಳಿಯುವ ಮಾತಿಗೆ ಬರೋಣ. ನಮ್ಮ ಸ್ನಾಯುಗಳು ಸಂಕುಚಿತವಾಗುತ್ತ ಭಾರವನ್ನು ಎಳೆಯಬಲ್ಲವು. ಭಾರಕ್ಕೆ ಮಣಿದು ಉದ್ದವಾಗುತ್ತಲೂ ಅದನ್ನು ತಡೆದು ಹಿಡಿಯಬಲ್ಲವು. ಎರಡನೆಯ ಕೆಲಸದಲ್ಲಿ ಸ್ನಾಯುವಿನ ಸಾಮರ್ಥ್ಯ ಮೊದಲನೆಯದಕ್ಕಿಂತ ಹೆಚ್ಚೆಂಬುದು ಶರೀರಶಾಸ್ತ್ರ ಬಲ್ಲವರೆಲ್ಲ ಒಪ್ಪಿದ ಸಂಗತಿ. ಮೆಟ್ಟಿಲೇರಲು ಏದುಸಿರು ಬಿಡುವ ಅಜ್ಜಿಯೂ ಗೋಡೆ ಹಿಡಿದು ನಿಧಾನವಾಗಿ ಇಳಿಯಬಲ್ಲಳು. ಕಂಬವನ್ನು ತನ್ನ ಬಲದಿಂದ ಏರಲಾರದ ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅಲ್ಲಿಂದ ಕಂಬವನ್ನು ಅಪ್ಪಿಸಿ, ‘ಇನ್ನು ಮೆಲ್ಲಗೆ ಇಳಿ’ ಎಂದರೆ ಅದು ಸಾಧ್ಯವಾಗುತ್ತದೆ. ಐದು ಎಣಿಸುವಷ್ಟರಲ್ಲಿ ಇಳಿದ ಮಗು ಕೆಲವು ವಾರಗಳಲ್ಲಿ ಹತ್ತು ಎಣಿಸುವಷ್ಟು ನಿಧಾನಿಸುತ್ತದೆ. ಹಾಗೆ ಇಳಿದಿಳಿದೇ ಏರುವ ಬಲವೂ ಕೂಡುತ್ತದೆ. ಕೆಳಕ್ಕೆ ಜಾರುವ ಭಾರವನ್ನು ಅಂಗುಲ ಅಂಗುಲವಾಗಿ ಹಿಡಿದು ಬಿಡುವಾಗ ಕಾಲುಗಳಿಗೆ ಕಂಬದ ಪರಿಚಯವಾಗುವಷ್ಟು ಮತ್ತೆ ಯಾವಾಗಲೂ ಆಗದು. ದಡಕ್ಕನೆ ಹಾರಿ ಇಳಿಯುವ ಹುಡುಗನಿಗೆ ಪಾಠದ ಅರ್ಧ ಭಾಗ ಪ್ರತಿದಿನವೂ ತಪ್ಪಿಹೋಗುತ್ತದೆ.

ಇದರಲ್ಲಿಯೂ ಒಂದು ಎಚ್ಚರಿಕೆ ಬೇಕು. ತಡೆದು ಇಳಿಯುವ ಅಭ್ಯಾಸ ಮೈಕೈ ನೋವನ್ನು ಹೆಚ್ಚಾಗಿ ತರುತ್ತದೆ, ಅದೂ ಅದೇ ದಿನವಲ್ಲ. ಮರುದಿನ, ಅದರ ಮರುದಿನ. ತರಗತಿಯಿಂದ ನಗುನಗುತ್ತ ಬಂದ ಮಗಳು ಮೂರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ನರಳಿದರೆ ತಾಯಿ ಗಾಬರಿಯಾಗುವುದು ಸಹಜ. ಮೊದಲ ದಿನಗಳಲ್ಲಿ ನಾಲ್ಕೈದು ಸಲ ಇಳಿದರೆ ಸಾಕು. ಅದೇ ಅಭ್ಯಾಸ ಎರಡನೆಯ ಮೂರನೆಯ ಸಲಕ್ಕೆ ಅಷ್ಟು ನೋಯಿಸದು. ದೇಹ ಬೇಗನೆ ಹೊಂದಿಕೊಳ್ಳುತ್ತದೆ. ತೊಡೆಯಲ್ಲಿ, ತೋಳಿನಲ್ಲಿ ಎರಡೂ ಕಡೆ ಸಮನಾಗಿ ಬರುವ ಮಂದ ನೋವು ಇದು. ಮಣಿಕಟ್ಟು, ಮೊಣಕೈ, ಭುಜದ ಕೀಲು ಇವುಗಳಲ್ಲಿ ಒಂದೇ ಕಡೆ ಚುಚ್ಚಿದಂತೆ ಬರುವ ನೋವು ಬೇರೆ ಜಾತಿಯದು. ಅದಕ್ಕೆ ಎಣ್ಣೆ ತಿಕ್ಕಿ ಮತ್ತೆ ಕಂಬಕ್ಕೆ ಕಳುಹಿಸುವುದು ತಪ್ಪು. ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಆರು ತಿಂಗಳಲ್ಲಿ ಮುಂದುವರಿಯಲಿಲ್ಲವೆಂಬ ದೂರಿಗೂ ಇಲ್ಲಿಯೇ ಸಮಾಧಾನವಿದೆ. ಮೊದಲ ಕೆಲವು ವಾರಗಳಲ್ಲಿ ಕಾಣುವ ಬೇಗನೆಯ ಸುಧಾರಣೆ ಬಹುಮಟ್ಟಿಗೆ ಸ್ನಾಯು ಬೆಳೆದುದರಿಂದ ಬಂದದ್ದಲ್ಲ. ಇದ್ದ ಸ್ನಾಯುಗಳನ್ನು ಕೂಡಿಸಿ ದುಡಿಸಲು ಮೆದುಳು ಮತ್ತು ನರಗಳು ಕಲಿತುದರ ಫಲ. ಆ ಲಾಭ ಮುಗಿದ ಮೇಲೆ ವೇಗ ತಗ್ಗುತ್ತದೆ. ಸ್ನಾಯು ನಿಧಾನವಾಗಿ ಬೆಳೆಯುತ್ತದೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳು ಅದಕ್ಕಿಂತಲೂ ನಿಧಾನವಾಗಿ ಗಟ್ಟಿಯಾಗುತ್ತವೆ. ಅಪಾಯ ಹುಟ್ಟುವುದು ಈ ಅಂತರದಲ್ಲಿ. ಬಲ ಬಂದಿದೆಯೆಂದು ಹುಡುಗ ಹೊಸ ಪಟ್ಟಿಗೆ ಕೈ ಹಾಕುತ್ತಾನೆ. ಆ ಬಲವನ್ನು ತಾಳುವ ಹುರಿ ಇನ್ನೂ ಹದಗೊಂಡಿರುವುದಿಲ್ಲ. ಮುಂದುವರಿದಂತೆ ಕಾಣದ ಆ ತಿಂಗಳುಗಳಲ್ಲಿ ಕೀಲುಗಳ ಒಳಗೆ ನಡೆಯುತ್ತಿರುವ ಕೆಲಸಕ್ಕೆ ಚಪ್ಪಾಳೆ ತಟ್ಟುವವರಿಲ್ಲ.

ತರಗತಿಯ ಬಾಗಿಲಲ್ಲಿ ಮಗಳಿಗಾಗಿ ಕಾದು ನಿಂತ ತಾಯಂದಿರು ಗುರುವನ್ನು ಕೇಳುವುದು ಸಾಮಾನ್ಯವಾಗಿ ಇದನ್ನೇ: ‘ಸಾರ್, ಪಕ್ಕದ ಮನೆಯವರ ಹುಡುಗಿ ಆಗಲೇ ತಲೆಕೆಳಗಾಗಿ ನಿಲ್ಲುತ್ತಾಳೆ. ನಮ್ಮವಳಿಗೆ ಯಾವಾಗ ಹೇಳಿಕೊಡುತ್ತೀರಿ?’ ಒಳ್ಳೆಯ ಗುರುವಾದರೆ, ‘ಎಡಗಡೆ ಇಳಿಯುವುದು ಇನ್ನೂ ಬಂದಿಲ್ಲ, ಅಮ್ಮಾ. ಅದು ಬರಲಿ’ ಎನ್ನುತ್ತಾನೆ. ತಾಯಿಗೆ ಇದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಆದರೆ ಇದಕ್ಕಿಂತ ನೇರವಾದ ಉತ್ತರ ಬೇರಿಲ್ಲ. ಬಲಗೈಯವರು ಬಲಗಡೆಯ ಪಟ್ಟುಗಳನ್ನು ಬೇಗ ಕಲಿತು, ಮೆಚ್ಚುಗೆ ಗಳಿಸಿ, ಎಡಗಡೆಯನ್ನು ಮರೆಯುತ್ತಾರೆ. ಒಂದೇ ಭುಜದ ಮೇಲೆ, ಒಂದೇ ಸೊಂಟದ ಮೇಲೆ ವರ್ಷಗಟ್ಟಲೆ ಬಿದ್ದ ಭಾರ ಕೊನೆಗೆ ಲೆಕ್ಕ ಕೇಳದೆ ಬಿಡದು. ಬಾರದ ಕಡೆಯಿಂದಲೇ ದಿನದ ಅಭ್ಯಾಸವನ್ನು ಆರಂಭಿಸುವುದು ಹಳೆಯ ಗರಡಿಗಳಲ್ಲೂ ಹೊಸ ವ್ಯಾಯಾಮಶಾಲೆಗಳಲ್ಲೂ ತಿಳಿದವರು ಮಾಡುವ ಉಪಾಯ. ದಣಿಯದ ಮೈಗೆ ಕಷ್ಟದ್ದು, ದಣಿದ ಮೈಗೆ ಸುಲಭವಾದದ್ದು. ಇದಕ್ಕೆ ವಿರುದ್ಧವಾಗಿ, ಪಾಠದ ಕೊನೆಯಲ್ಲಿ ಎಲ್ಲರೂ ದಣಿದಿರುವಾಗ ‘ಇನ್ನೊಂದು ಸಲ ಆ ಹೊಸದನ್ನು ಮಾಡಿ ತೋರಿಸು, ಅಪ್ಪ ಚಿತ್ರ ತೆಗೆದುಕೊಳ್ಳಲಿ’ ಎನ್ನುವ ಪ್ರೀತಿಯಿಂದ ಆದ ಪೆಟ್ಟುಗಳು ಕಡಿಮೆಯಲ್ಲ. ಇಂಥ ಪ್ರೀತಿಯನ್ನು ಬಾಗಿಲ ಹೊರಗೇ ನಿಲ್ಲಿಸಬೇಕು.

ಹಗ್ಗದ ಮಲ್ಲಕಂಬವನ್ನು ಕಲಿಯುವವರಲ್ಲಿ ಹುಡುಗಿಯರು ಹೆಚ್ಚು; ಈಗ ಅವರು ಮರದ ಕಂಬವನ್ನೂ ಏರುತ್ತಾರೆ. ಮೇಲಿನಿಂದ ತೂಗುಬಿಟ್ಟ ಹತ್ತಿಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸಿ ಏರುವುದು ಅದರ ಮೊದಲ ಪಾಠ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಹಗ್ಗ ಮೈಯನ್ನು ಸುತ್ತಿ, ಮೈಯ ಭಾರದಿಂದಲೇ ಬಿಗಿದು, ಆ ಬಿಗಿತದಲ್ಲಿಯೇ ಪದ್ಮಾಸನದಲ್ಲಿ ಕುಳಿತ ಹುಡುಗಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತದೆ. ಮೇಲೆ ಹೋಗುವಾಗ ಸುತ್ತಿದ ಸುತ್ತುಗಳನ್ನು ಹಿಂದುಮುಂದಾಗದಂತೆ ಒಂದೊಂದಾಗಿ ಬಿಡಿಸುತ್ತ ಬರಬೇಕು. ಒಂದು ಸುತ್ತು ಮರೆತರೆ ಹಗ್ಗ ತೊಡೆಯನ್ನು ಕೊಯ್ಯುತ್ತದೆ, ಇಲ್ಲವೆ ಒಮ್ಮೆಲೇ ಸಡಿಲಿ ಕೆಳಗೆ ಜಾರಿಸುತ್ತದೆ. ಬಿಡಿಸುವ ಕ್ರಮವನ್ನು ನೆಲದ ಮೇಲೆ ನಿಂತು ಬಾಯಿಪಾಠ ಹೇಳಬಲ್ಲವಳಿಗೆ ಮಾತ್ರ ಮೇಲೆ ಹೊಸ ಆಸನ ಹೇಳಿಕೊಡುವ ಗುರುಗಳಿದ್ದಾರೆ. ಅವರ ತರಗತಿ ನೋಡಲು ಬೇಸರವೆನಿಸಬಹುದು. ಮಗಳನ್ನು ಅಲ್ಲಿಗೇ ಸೇರಿಸುವುದು ಲೇಸು.

ಹುಡುಗಿಯರ ವಿಷಯದಲ್ಲಿ ಮತ್ತೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಎಂಟನೆಯ ವಯಸ್ಸಿನಲ್ಲಿ ಸೇರಿ, ಹನ್ನೊಂದರ ವೇಳೆಗೆ ಚೆನ್ನಾಗಿ ಮಾಡುತ್ತಿದ್ದವಳು ಹನ್ನೆರಡು ಹದಿಮೂರರಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತಾಳೆ. ನಿನ್ನೆ ಬರುತ್ತಿದ್ದ ಪಟ್ಟು ಇಂದು ಬಾರದು. ಅವಳು ಅಳುತ್ತಾಳೆ, ಮನೆಯಲ್ಲಿ ‘ದೊಡ್ಡವಳಾದಳು, ಇನ್ನು ಸಾಕು’ ಎನ್ನುತ್ತಾರೆ, ಕಂಬದ ಸಹವಾಸ ಅಲ್ಲಿಗೆ ಮುಗಿಯುತ್ತದೆ. ನಡೆದದ್ದೇನು? ಹುಡುಗಿಯರ ಎತ್ತರ ಅತಿ ವೇಗವಾಗಿ ಏರುವ ಕಾಲ ಅದು. ಹುಡುಗರಿಗೆ ಅದು ಸುಮಾರು ಎರಡು ವರ್ಷ ತಡವಾಗಿ ಬರುತ್ತದೆ. ಕೈಕಾಲುಗಳು ಉದ್ದವಾಗುತ್ತವೆ, ತೂಕ ಹೆಚ್ಚುತ್ತದೆ, ದೇಹದ ಸಮತೋಲ ಬದಲಾಗುತ್ತದೆ. ಹಳೆಯ ಅಳತೆಯ ಮೈಗೆ ಕಲಿತ ಪಾಠವನ್ನು ಹೊಸ ಅಳತೆಗೆ ಹೊಲಿದುಕೊಳ್ಳಬೇಕು. ಕೆಲವು ತಿಂಗಳು ಕೆಳಗಿನ ಮೆಟ್ಟಿಲಿಗೆ, ಅಂದರೆ ಅಢಿಗೆ, ನಿಧಾನದ ಇಳಿತಕ್ಕೆ ಮರಳಿದರೆ ಕಳೆದುಹೋದುದೆಲ್ಲ ಹಿಂದಕ್ಕೆ ಬರುತ್ತದೆ. ಎಲುಬುಗಳು ಜೀವಮಾನಕ್ಕೆ ಬೇಕಾದ ಗಟ್ಟಿತನವನ್ನು ಕೂಡಿಡುವುದೂ ಇದೇ ವರ್ಷಗಳಲ್ಲಿ. ಮೈಭಾರ ಹೊತ್ತು ಮಾಡುವ ವ್ಯಾಯಾಮ ಅದಕ್ಕೆ ನೆರವು. ಆ ಹೊತ್ತಿನಲ್ಲಿ ಬಿಡಿಸುವುದು ಬೆಳೆ ತೆನೆಗಟ್ಟುವಾಗ ನೀರು ನಿಲ್ಲಿಸಿದ ಹಾಗೆ. ತಿಂಗಳ ದಿನಗಳಲ್ಲಿ ಆರೋಗ್ಯವಂತ ಹುಡುಗಿ ಅಭ್ಯಾಸ ಮಾಡುವುದರಿಂದ ಕೇಡಿಲ್ಲ. ಮಾಡುವುದೂ ಬಿಡುವುದೂ ಅವಳ ಮೈಯ ಇಷ್ಟ. ತೂಕ ಹೆಚ್ಚಿತೆಂದು ಊಟ ಕಡಿಮೆ ಮಾಡಿಸುವ ಗುರುವೋ ತಾಯಿಯೋ ಇದ್ದರೆ ಅವರನ್ನು ತಿದ್ದುವುದು ಮನೆಯ ಹಿರಿಯರ ಕೆಲಸ. ಬೆಳೆಯುವ ಮಗುವಿಗೆ ಹಸಿವಿನಲ್ಲಿ ಬಲ ಬಾರದು.

ಬಿಠೂರಿನಲ್ಲಿ ಬೆಳೆದ ಬಾಲೆ ಮಣಿಕರ್ಣಿಕೆ, ಮುಂದೆ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯಾದವಳು, ಹುಡುಗರೊಡನೆ ಮಲ್ಲಕಂಬ ಆಡುತ್ತಿದ್ದಳೆಂದು ಹೇಳುವುದುಂಟು. ಹುಡುಗಿಯರಿಗೆ ಇದೇಕೆ ಎಂದು ಕೇಳುವ ಅಜ್ಜಂದಿರಿಗೆ ಈ ಹೆಸರು ಹೇಳಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತಾರೆ.

ಬೀಳುವ ವಿಚಾರ. ಬೀಳದೆ ಕಲಿತವರಿಲ್ಲ, ಎಲ್ಲಿ ಬೀಳುತ್ತಾರೆಂಬುದು ಮುಖ್ಯ. ಹಿಂದೆ ಕಂಬದ ಸುತ್ತ ಗರಡಿಯ ಹದ ಮಾಡಿದ ಕೆಮ್ಮಣ್ಣು ಇರುತ್ತಿತ್ತು, ಈಗ ದಪ್ಪ ಹಾಸುಗಳಿವೆ. ಶಾಲೆಯ ವಾರ್ಷಿಕೋತ್ಸವದ ಹಲಗೆಯ ವೇದಿಕೆಯ ಮೇಲೆ ಹಾಸಿಲ್ಲದೆ ಮಕ್ಕಳನ್ನು ಏರಿಸುವುದು ಮಾತ್ರ ಯಾವ ಕಾಲಕ್ಕೂ ಸಲ್ಲದು. ಹೊಸ ಪಟ್ಟನ್ನು ಮಾಡುವಾಗ ಕೆಳಗೆ ಒಬ್ಬರು ಕೈ ಕೊಟ್ಟು ನಿಂತಿರಬೇಕು. ಆ ಕೈ ಮಗುವಿನ ಬೆನ್ನಿಗೆ, ಕತ್ತಿಗೆ ಒದಗುವಷ್ಟು ಹತ್ತಿರವಿರಬೇಕು. ಒಬ್ಬ ಗುರು, ಎರಡು ಕಂಬ, ನಲವತ್ತು ಮಕ್ಕಳು ಎಂಬ ಏರ್ಪಾಡು ಕಂಡಲ್ಲಿ ಶುಲ್ಕ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗುವುದು ಜಾಣತನ. ಉಂಗುರ, ಬಳೆ, ಸರ ಮನೆಯಲ್ಲಿಯೇ ಇರಲಿ.

ವಯಸ್ಕರಾಗಿ ಕಲಿಯಲು ಹೋಗುವವರಿಗೂ ಇಷ್ಟೆಲ್ಲ ಸಲ್ಲುತ್ತದೆ. ಉಕ್ಕಿನ ಕಂಬದ ನೃತ್ಯದಲ್ಲಿ ಹಿಡಿತ ಉಂಟಾಗುವುದು ಬರಿ ಚರ್ಮ ಲೋಹಕ್ಕೆ ಅಂಟುವುದರಿಂದ. ಅಲ್ಲಿ ತೊಡುವ ತುಂಡು ಬಟ್ಟೆಗೆ ಕಾರಣ ಕೇವಲ ಬೆಡಗಲ್ಲ. ಮೈಗೆ ಎಣ್ಣೆಯನ್ನೋ ಲೇಪವನ್ನೋ ಹಚ್ಚಿಕೊಂಡು ಬಂದವರು ಜಾರುತ್ತಾರೆ. ಇದು ಮರದ ಕಂಬಕ್ಕೆ ನೇರ ವಿರುದ್ಧ. ಆ ನೃತ್ಯಕ್ಕೆ ಮದಿರೆಯಂಗಡಿಗಳ ಹೆಸರು ಅಂಟಿಕೊಂಡಿತ್ತು. ಅದನ್ನು ಕಳೆದುಕೊಂಡು ಕ್ರೀಡೆಯೆಂದು ನಿಲ್ಲಲು ಪಶ್ಚಿಮದ ಸ್ತ್ರೀಯರು ಬಹಳ ಹೆಣಗಿದ್ದಾರೆ. 2009ರಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟವಾಯಿತು. 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಮಹಾಸಂಘ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ನಮ್ಮ ಮಲ್ಲಕಂಬದ ಮೊದಲ ವಿಶ್ವ ಸ್ಪರ್ಧೆ ಮುಂಬಯಿಯಲ್ಲಿ ನಡೆದದ್ದು 2019ರ ಫೆಬ್ರವರಿಯಲ್ಲಿ. ಹೊರದೇಶಗಳವರೂ ಬಂದು ಹರಳೆಣ್ಣೆಯ ಕಂಬವೇರಿದರು. 2022ರಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಅದಕ್ಕೆ ಎಡೆ ಸಿಕ್ಕಿತು. ಪದಕದ ಆಸೆ ಹುಟ್ಟಿದಲ್ಲಿ ಅವಸರವೂ ಹುಟ್ಟುತ್ತದೆ. ಹತ್ತು ವರ್ಷದ ಮಗುವಿಗೆ ಪ್ರಶಸ್ತಿಪತ್ರ ತರುವ ಪಟ್ಟುಗಳನ್ನೇ ಆಯ್ದು ಕಲಿಸುವ ಅವಸರದ ಫಲವನ್ನು ಹದಿನಾರರ ಭುಜಗಳು ಉಣ್ಣುತ್ತವೆ.

ನಲವತ್ತು ದಾಟಿದವರು, ರಕ್ತದ ಒತ್ತಡ ಇರುವವರು, ಕಣ್ಣಿನೊಳಗಣ ಒತ್ತಡ ಹೆಚ್ಚಿದೆಯೆಂದು ವೈದ್ಯರು ಹೇಳಿರುವವರು ತಲೆಕೆಳಗಾಗುವ ಪಟ್ಟುಗಳಿಗೆ ಮುನ್ನ ವೈದ್ಯರ ಒಪ್ಪಿಗೆ ಪಡೆಯಬೇಕು. ತಲೆ ಕೆಳಗಾದಾಗ ಕಣ್ಣಿನ ಒತ್ತಡ ಏರುವುದು ನಿಜ. ಉಳಿದ ಪಟ್ಟುಗಳಿಗೆ ವಯಸ್ಸು ಅಡ್ಡಿಯಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಒಂದು ಗಂಟೆಯ ಅಭ್ಯಾಸ. ಅದರಲ್ಲಿ ಕಾಲು ಗಂಟೆ ಮೈ ಬೆಚ್ಚಗಾಗಿಸಲು. ಹೊಸದನ್ನು ಕಲಿತ ದಿನಾಂಕಕ್ಕಿಂತ, ಕಲಿತುದನ್ನು ಎರಡೂ ಕಡೆ ಎಷ್ಟು ನಿಧಾನವಾಗಿ ಇಳಿದೆವೆಂಬುದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ಮುಂದುವರಿದುದು ಕಣ್ಣಿಗೆ ಕಾಣುತ್ತದೆ. ಜೂನಿನಲ್ಲಿ ಬಲಗಡೆ ಹತ್ತು, ಎಡಗಡೆ ನಾಲ್ಕು ಎಂದಿದ್ದದ್ದು ದಸರೆಯ ಹೊತ್ತಿಗೆ ಎರಡೂ ಕಡೆ ಹನ್ನೆರಡಾಗಿದ್ದರೆ, ಆಗ ತಲೆಕೆಳಗಾಗುವ ಪಾಠವನ್ನು ಕೇಳಲು ಗುರುವಿನ ಬಳಿಗೆ ಹೋಗಬಹುದು.